ಹೊಸದಕ್ಕೆ ದುಡ್ಡು ತೋರಿಸಿ, ಆಮೇಲೆ ಹಳೆಯದನ್ನು ಕೆಡವಿ: ಬರ್ಮಿಂಗ್‌ಹ್ಯಾಮ್ ನಗರಸಭೆಯ ನಾಯಕರಿಗೆ ಬಹಿರಂಗ ಪತ್ರ

ಮಾನ್ಯ ನಾಯಕರೇ,

ನಮಸ್ಕಾರ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ಯಾಕೆ ಅಂದರೆ, ಈ ಊರಲ್ಲಿ ಮನೆ ಮಾಡಿಕೊಂಡು ಕೌನ್ಸಿಲ್ ಟ್ಯಾಕ್ಸ್, ಅಂದರೆ ನಗರಸಭೆಯ ಮನೆ ತೆರಿಗೆ, ಕಟ್ಟುತ್ತಿರುವ ಕನ್ನಡಿಗರೂ ಇದನ್ನು ಓದಲಿ ಅಂತ. 2024ರಲ್ಲಿ ಹತ್ತಿರ ಹತ್ತಿರ ಶೇ 10, ಮರುವರ್ಷ ಶೇ 7.5 ಏರಿತಲ್ಲ, ಅದೇ ಟ್ಯಾಕ್ಸ್. ಗೊಣಗುತ್ತಲೇ ಕಟ್ಟಿದ್ದೇವೆ. ಹಾಗಾಗಿ ಎರಡು ಮಾತು ಕೇಳಬಹುದು ಅಂದುಕೊಂಡಿದ್ದೇನೆ.

2023ರ ಸೆಪ್ಟೆಂಬರ್‌ನಲ್ಲಿ ನಗರಸಭೆ ಸೆಕ್ಷನ್ 114 ನೋಟಿಸ್ ಹೊರಡಿಸಿ ಕೈಯೆತ್ತಿತು. ಬೊಕ್ಕಸ ಬರಿದಾಗಿದೆ, ಕಾನೂನು ಮಾಡಲೇಬೇಕು ಅನ್ನುವ ಕೆಲಸ ಬಿಟ್ಟು ಬೇರೇನಕ್ಕೂ ಹೊಸದಾಗಿ ಖರ್ಚು ಮಾಡುವಂತಿಲ್ಲ ಅನ್ನುವುದು ಅದರ ಅರ್ಥ. ಅದರ ಹಿಂದೆಯೇ ಸುಮಾರು 75 ಕೋಟಿ ಪೌಂಡ್ ಬೆಲೆಯ ಆಸ್ತಿ ಮಾರುವ ಮಾತು ಬಂತು. ಏನನ್ನೂ ಮಾರಬೇಡಿ ಅಂತ ನಾನು ಹೇಳುವುದಿಲ್ಲ. ಸಾಲ ಕುತ್ತಿಗೆಗೆ ಬಂದಾಗ ಒಡವೆ ಗಿರವಿ ಅಂಗಡಿ ಸೇರುವುದನ್ನು ನಾವೂ ಕಂಡವರೇ. ನನ್ನ ಹೆದರಿಕೆ ಇರುವುದು ಒಡವೆಯನ್ನು ಕರಗಿಸಿಬಿಡುವ ಬಗ್ಗೆ. ಈ ಊರಿಗೆ ಆ ಅಭ್ಯಾಸ ಹಳೆಯದು.

ಟೌನ್ ಹಾಲ್ ಪಕ್ಕದ ಚೇಂಬರ್ಲೇನ್ ಸ್ಕ್ವೇರನ್ನೇ ತೆಗೆದುಕೊಳ್ಳೋಣ. ಆ ಒಂದು ಮೂಲೆ ಸಾಕು.

ಜೊಸಾಯಾ ಮೇಸನ್ ಪೆನ್ನಿನ ನಿಬ್ ಮಾಡಿ ಶ್ರೀಮಂತರಾದವರು. ಆ ದುಡ್ಡಿನಲ್ಲಿ ಅವರು ಕಟ್ಟಿಸಿದ ವಿಜ್ಞಾನ ಕಾಲೇಜು 1880ರಲ್ಲಿ ಅಲ್ಲಿ ಶುರುವಾಯಿತು. ಪ್ರಾರಂಭದ ದಿನ ಭಾಷಣ ಮಾಡಿದವರು ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಹುಟ್ಟಿದ್ದು ಇದರ ಹೊಟ್ಟೆಯಲ್ಲಿ. ಮುಂದೆ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸಿಸ್ ಆಸ್ಟನ್ ಇಲ್ಲಿ ಓದಿದರು. ಪ್ರಧಾನಿಗಳಾದ ಸ್ಟ್ಯಾನ್ಲಿ ಬಾಲ್ಡ್‌ವಿನ್, ನೆವಿಲ್ ಚೇಂಬರ್ಲೇನ್ ಕೂಡ ಇಲ್ಲಿ ಓದಿದವರೇ. 1964ರಲ್ಲಿ ಈ ಕಟ್ಟಡವನ್ನು ಕೆಡವಿದರು.

ಅದರ ನೆರೆಯಲ್ಲಿ ಇದ್ದದ್ದು ಸಾರ್ವಜನಿಕ ಗ್ರಂಥಾಲಯ. 1879ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿದ್ದು ಅಪರೂಪದ ಶೇಕ್ಸ್‌ಪಿಯರ್ ಸಂಗ್ರಹದ ಬಹುಪಾಲು ಸುಟ್ಟುಹೋಯಿತು. ಊರು ಸುಮ್ನೆ ಕೂರಲಿಲ್ಲ. ಮೂರೇ ವರ್ಷದಲ್ಲಿ ಜಾನ್ ಹೆನ್ರಿ ಚೇಂಬರ್ಲೇನ್ ಅನ್ನುವ ವಾಸ್ತುಶಿಲ್ಪಿಯ ಕೈಯಲ್ಲಿ ಹೊಸ ಕಟ್ಟಡ ಎದ್ದಿತು. ಮತ್ತೆ ಕೂಡಿಸಿದ ಶೇಕ್ಸ್‌ಪಿಯರ್ ಪುಸ್ತಕಗಳಿಗೆ ಅಂತಲೇ ಅದರಲ್ಲಿ ಒಂದು ಕೋಣೆ. ಬೆಂಕಿಯಿಂದ ಎದ್ದು ಬಂದ ಆ ಗ್ರಂಥಾಲಯ ವರ್ತುಲ ರಸ್ತೆ ಯೋಜನೆಯ ಮುಂದೆ ನಿಲ್ಲಲಿಲ್ಲ. 1974ರಲ್ಲಿ ಅದೂ ನೆಲಕ್ಕೆ ಬಿತ್ತು.

ಅದೇ ವರ್ಷ ಪಕ್ಕದಲ್ಲಿ ವಾಸ್ತುಶಿಲ್ಪಿ ಜಾನ್ ಮ್ಯಾಡಿನ್ ಅವರ ಕಾಂಕ್ರೀಟ್ ಗ್ರಂಥಾಲಯ ಬಾಗಿಲು ತೆರೆಯಿತು. ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋದಷ್ಟೂ ಅಗಲವಾಗುವ, ತಲೆಕೆಳಗು ಮಾಡಿಟ್ಟ ಪಿರಮಿಡ್ ಥರದ ಕಟ್ಟಡ. ಹೊರಗೋಡೆಗೆ ಒಳ್ಳೆಯ ಕಲ್ಲು ಹೊದಿಸಬೇಕು, ಸುತ್ತ ನೀರಿನ ಕೊಳಗಳಿರಬೇಕು ಅನ್ನುವುದು ಮ್ಯಾಡಿನ್ ಅವರ ಆಸೆಯಾಗಿತ್ತು. ಖರ್ಚು ಉಳಿಸಲು ಎಲ್ಲಕ್ಕೂ ಕತ್ತರಿ ಬಿತ್ತು. ಆಮೇಲೆ ಬರೀ ಕಾಂಕ್ರೀಟು, ನೋಡಲು ಚೆನ್ನಾಗಿಲ್ಲ ಅಂತ ಬೈದದ್ದೂ ಆಯಿತು. ಪುಸ್ತಕ ಇಡುವ ಜಾಗದ ಹಾಗಿಲ್ಲ, ಸುಡುವ ಜಾಗದ ಹಾಗಿದೆ ಅಂತ ಆಗಿನ ರಾಜಕುಮಾರ ಚಾರ್ಲ್ಸ್ ಹಂಗಿಸಿದರು. ಇದನ್ನು ಸುಲಭವಾಗಿ ಕೆಡವಲಾಗದ ಕಟ್ಟಡಗಳ ರಕ್ಷಿತ ಪಟ್ಟಿಗೆ ಸೇರಿಸಿ ಅಂತ ಪಾರಂಪರಿಕ ಕಟ್ಟಡಗಳ ಸರ್ಕಾರಿ ಸಂಸ್ಥೆ ಇಂಗ್ಲಿಷ್ ಹೆರಿಟೇಜ್ ಶಿಫಾರಸು ಮಾಡಿದರೂ 2009ರಲ್ಲಿ ಸಚಿವರು ಒಪ್ಪಲಿಲ್ಲ. 2016ರಲ್ಲಿ ಅದೂ ಹೋಯಿತು.

ಲೆಕ್ಕ ನೋಡಿ ಸಾರ್. ಮೇಸನ್ ಕಾಲೇಜು ಬದುಕಿದ್ದು 84 ವರ್ಷ. ಚೇಂಬರ್ಲೇನ್ ಗ್ರಂಥಾಲಯ 92 ವರ್ಷ. ಮ್ಯಾಡಿನ್ ಗ್ರಂಥಾಲಯ 42 ವರ್ಷ. 1964ರಲ್ಲಿ ಭಾರಿ ಸಡಗರದಿಂದ ತೆರೆದ ಬುಲ್ ರಿಂಗ್ ಸೆಂಟರ್ ಅನ್ನುವ ಅಂಗಡಿ ಸಂಕೀರ್ಣಕ್ಕೆ 40 ಕೂಡ ತುಂಬಲಿಲ್ಲ. ಅದಕ್ಕೆ ಹಾದಿ ಮಾಡಿಕೊಡಲು ಬಲಿಯಾದದ್ದು 1835ರ ಮಾರ್ಕೆಟ್ ಹಾಲ್. 1940ರ ಆಗಸ್ಟ್‌ನಲ್ಲಿ ಜರ್ಮನ್ ಬಾಂಬಿಗೆ ಚಾವಣಿ ಹೋದ ಮೇಲೂ ಅದರ ಗೋಡೆಗಳ ನಡುವೆ, ಬಯಲಲ್ಲೇ ವ್ಯಾಪಾರ ನಡೆಯುತ್ತಿತ್ತು. ಬಾಂಬಿಗೆ ಬೀಳದ ಆ ಗೋಡೆಗಳನ್ನು 1963ರಲ್ಲಿ ನಾವೇ ಬೀಳಿಸಿದೆವು. ‘ನಾವು’ ಅನ್ನಲು ನಾನಾಗ ಹುಟ್ಟಿಯೇ ಇರಲಿಲ್ಲ, ಇರಲಿ ಬಿಡಿ.

ಒಂದು ಕಟ್ಟಡಕ್ಕೆ 40 ದಾಟಿತು ಅಂದರೆ ಇಲ್ಲಿ ಅದಕ್ಕೆ ಕಂಟಕ ಶುರು. ಬಣ್ಣ ಮಾಸಿರುತ್ತದೆ, ಲಿಫ್ಟ್ ಕೆಟ್ಟಿರುತ್ತದೆ, ಚಾವಣಿ ಸೋರುತ್ತಿರುತ್ತದೆ. ಹಳೆಯದು ಅಂತ ಗೌರವ ಸಿಗುವಷ್ಟು ವಯಸ್ಸಾಗಿರುವುದಿಲ್ಲ. ಹೊಸದು ಅಂತ ಮೆಚ್ಚುವಷ್ಟು ಚಿಕ್ಕದೂ ಅಲ್ಲ. 1960ರ ದಶಕದಲ್ಲಿ ವಿಕ್ಟೋರಿಯಾ ಕಾಲದ ಕಟ್ಟಡಗಳನ್ನು ಕೊಳಕು ಅಂದವರ ಮಾತನ್ನೇ ಈಗ 1960ರ ಕಟ್ಟಡಗಳ ಬಗ್ಗೆ ಕೇಳುತ್ತಿದ್ದೇವೆ.

ಆ ಕಾಲದ ಮಾತು ಬಂದರೆ ಹರ್ಬರ್ಟ್ ಮ್ಯಾನ್ಜೋನಿ ಅವರ ಹೆಸರು ಬಂದೇ ಬರುತ್ತದೆ. 1935ರಿಂದ 1963ರ ತನಕ ನಗರದ ಎಂಜಿನಿಯರ್. ಊರ ನಡುವಿನ ವರ್ತುಲ ರಸ್ತೆ ಅವರ ಕನಸು. ಹಳೆಯ ಕಾಲದ ಕುರುಹುಗಳಿಗೆ ಅಷ್ಟೇನು ಬೆಲೆಯಿದೆ ಅನ್ನುವುದು ತನಗೆ ಖಾತ್ರಿಯಿಲ್ಲ, ಈ ಊರಿನಲ್ಲಿ ಉಳಿಸುವಂಥ ಕಟ್ಟಡಗಳೂ ಹೆಚ್ಚಿಲ್ಲ ಅಂತ ಅವರು ಬಹಿರಂಗವಾಗಿಯೇ ಹೇಳಿದ್ದರು. ಅವರನ್ನು ಬೈಯುವುದು ಈಗ ಸುಲಭ. ಆದರೆ ಅವರು ಕೆಡವಿಸಿದ್ದರಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಸಾವಿರಾರು ಕೂಲಿಕಾರರ ಮನೆಗಳೂ ಇದ್ದವು. ಹಿಂದೆ ಕಿಟಕಿಯಿಲ್ಲ, ಒಳಗೆ ನಲ್ಲಿಯಿಲ್ಲ, ಇಡೀ ವಠಾರಕ್ಕೆ ಅಂಗಳದ ಮೂಲೆಯಲ್ಲಿ ಪಾಯಿಖಾನೆ. ಅವು ಹೋದದ್ದಕ್ಕೆ ನನಗೇನೂ ಬೇಜಾರಿಲ್ಲ. ಹರ್ಸ್ಟ್ ಸ್ಟ್ರೀಟ್ ಮತ್ತು ಇಂಜ್ ಸ್ಟ್ರೀಟ್ ಕೂಡುವ ಕಡೆ ಅಂಥದ್ದೊಂದು ವಠಾರ ಹೇಗೋ ಉಳಿಯಿತು. 2004ರಿಂದ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಅದನ್ನು ಜನರಿಗೆ ತೋರಿಸುತ್ತಿದೆ. ಕಡಿದಾದ ಸುತ್ತುಮೆಟ್ಟಿಲು ಹತ್ತಿ, ತಲೆ ತಗ್ಗಿಸಿ ಆ ಪುಟ್ಟ ಮಲಗುವ ಕೋಣೆ ಹೊಕ್ಕರೆ ಗೊತ್ತಾಗುತ್ತದೆ ಜನ ಹೇಗೆ ಬದುಕಿದ್ದರು ಅಂತ. ಒಂದು ಉಳಿದದ್ದು ಒಳ್ಳೆಯದಾಯಿತು. ಎಲ್ಲವೂ ಉಳಿಯಬೇಕಿರಲಿಲ್ಲ.

ಇನ್ನು ಸ್ನೋ ಹಿಲ್ ರೈಲು ನಿಲ್ದಾಣ. ನನ್ನ ಕೋರಿಕೆಗೆ ನೇರವಾಗಿ ಸಂಬಂಧಪಟ್ಟದ್ದು ಇದೇ. 1912ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ಇದನ್ನು ದೊಡ್ಡದಾಗಿ ಕಟ್ಟಿ ಮುಗಿಸಿತು. ರೈಲುಗಳನ್ನು ಊರಿನ ಇನ್ನೊಂದು ನಿಲ್ದಾಣವಾದ ನ್ಯೂ ಸ್ಟ್ರೀಟ್ ಕಡೆಗೆ ತಿರುಗಿಸಿದ ಮೇಲೆ 1972ರಲ್ಲಿ ಮುಚ್ಚಿದರು. ಆಮೇಲೆ ರೈಲು ನಿಲ್ಲುತ್ತಿದ್ದಲ್ಲಿ ಕಾರು ನಿಲ್ಲತೊಡಗಿದವು. ಪಾಳುಬಿದ್ದಿದೆ ಅನ್ನುವ ಕಾರಣ ಕೊಟ್ಟು 1977ರಲ್ಲಿ ಕೆಡವಿದರು. ಪಾಳು ಬೀಳಲು ಬಿಟ್ಟವರು ಯಾರು ಅಂತ ಮಾತ್ರ ಕೇಳಬೇಡಿ. ಸರಿಯಾಗಿ 10 ವರ್ಷಕ್ಕೆ, 1987ರಲ್ಲಿ, ನ್ಯೂ ಸ್ಟ್ರೀಟ್ ಒಂದರಿಂದ ಸಾಲದು ಅಂತ ಅದೇ ಜಾಗದಲ್ಲಿ ಅದೇ ಹೆಸರಿನ ಹೊಸ ನಿಲ್ದಾಣ ತೆರೆದರು. ಅದರ ನೆತ್ತಿಯ ಮೇಲೆ ಬಹುಮಹಡಿ ಕಾರ್ ಪಾರ್ಕ್. ಒಮ್ಮೆ ಹೋಗಿ ಆ ಪ್ಲಾಟ್‌ಫಾರಂ ಮೇಲೆ ನಿಂತು ನೋಡಿ. ನಡುಮಧ್ಯಾಹ್ನವೂ ದೀಪ ಬೇಕು. ಬೇಡವಾದದ್ದು ಇನ್ನೆಂದಿಗೂ ಬೇಡ ಅಂತ 1977ರಲ್ಲಿ ಅಷ್ಟು ಧೈರ್ಯವಾಗಿ ತೀರ್ಮಾನಿಸಿದ್ದು ಹೇಗೆ ಅನ್ನುವುದೇ ನನಗೆ ಆಶ್ಚರ್ಯ.

ಬಿಂಗ್ಲಿ ಹಾಲ್ ಅನ್ನುವ ಪ್ರದರ್ಶನ ಭವನ, ನ್ಯೂ ಸ್ಟ್ರೀಟ್‌ನ 1854ರ ಕಬ್ಬಿಣದ ಕಮಾನು ಚಾವಣಿ, ಹೀಗೆ ಪಟ್ಟಿ ಬೆಳೆಸುತ್ತಾ ಹೋಗಬಹುದು. ಬೇಡ. ನಮ್ಮ ಕಡೆಗೆ ಸಂಬಂಧವಿರುವ ಒಂದನ್ನು ಮಾತ್ರ ಹೇಳಿಬಿಡುತ್ತೇನೆ.

ಹ್ಯಾಂಡ್ಸ್‌ವರ್ತ್‌ನ ಸೋಹೋದಲ್ಲಿ ಮ್ಯಾಥ್ಯೂ ಬೌಲ್ಟನ್ ಅವರ ಕಾರ್ಖಾನೆ ಇತ್ತು. ಪಕ್ಕದಲ್ಲೇ ಜೇಮ್ಸ್ ವಾಟ್ ಅವರ ಉಗಿಯಂತ್ರದಿಂದ ನಡೆಯುವ ಟಂಕಸಾಲೆ. ಈಸ್ಟ್ ಇಂಡಿಯಾ ಕಂಪನಿ ಮದ್ರಾಸ್ ಪ್ರಾಂತ್ಯಕ್ಕೆ ಬೇಕಾದ ತಾಮ್ರದ ಕಾಸುಗಳನ್ನು ಅಲ್ಲಿ ಅಚ್ಚು ಹಾಕಿಸುತ್ತಿತ್ತು. ನನ್ನ ಹತ್ತಿರ 1808ರ 10 ಕಾಸಿನ ನಾಣ್ಯವೊಂದಿದೆ. ಒಂದು ಮುಖದಲ್ಲಿ ಕಂಪನಿಯ ಲಾಂಛನ, ಇನ್ನೊಂದರಲ್ಲಿ ಪಾರಸಿ ಅಕ್ಷರ. ಅಂಚು ಸ್ವಲ್ಪ ತಿಂದುಹೋಗಿದೆ. ಅದೇ ಕಾಸುಗಳನ್ನು ಟನ್‌ಗಟ್ಟಲೆ ತುಂಬಿಕೊಂಡು ಹೊರಟ ‘ಅಡ್ಮಿರಲ್ ಗಾರ್ಡ್‌ನರ್’ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ದಡ ಬಿಡುವ ಮುಂಚೆಯೇ ಗುಡ್‌ವಿನ್ ಮರಳುದಿಬ್ಬಕ್ಕೆ ಸಿಕ್ಕು ಮುಳುಗಿತು. ಅದರಿಂದ ಮೇಲೆತ್ತಿದ ನಾಣ್ಯಗಳು ಇವತ್ತಿಗೂ ಅಗ್ಗಕ್ಕೆ ಸಿಗುತ್ತವೆ. ಆ ಕಾಲಕ್ಕೆ ಮಂಗಳೂರು, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ದಡ ಸೇರಿದ ಕಾಸುಗಳು ನಡೆಯಬೇಕಿದ್ದ ಸೀಮೆಯಲ್ಲಿ ನಮ್ಮ ಊರುಗಳೂ ಇದ್ದವು. ಕಾರ್ಖಾನೆಯನ್ನು 19ನೇ ಶತಮಾನದ ನಡುವೆ ಕೆಡವಿದರು. ಬೌಲ್ಟನ್ ವಾಸವಿದ್ದ ಸೋಹೋ ಹೌಸ್ ಮಾತ್ರ ಮ್ಯೂಸಿಯಂ ಆಗಿ ಉಳಿದಿದೆ. ಯಜಮಾನರ ಮನೆ ಉಳಿಯಿತು, ಆಳುಗಳು ದುಡಿದ ಜಾಗ ಹೋಯಿತು. ಇದೂ ಎಲ್ಲ ಕಡೆ ಇರುವ ಕಥೆಯೇ, ಅಲ್ವಾ?

ಉಳಿಸಿದ್ದರಿಂದ ನಷ್ಟವಾಯಿತೇ ಅಂತ ಕೇಳಿದರೆ ರೊಟುಂಡಾ ಕಡೆ ಕೈ ತೋರಿಸುತ್ತೇನೆ. ವಾಸ್ತುಶಿಲ್ಪಿ ಜೇಮ್ಸ್ ರಾಬರ್ಟ್ಸ್ ಅವರ ಈ ದುಂಡನೆಯ ಗೋಪುರ 1965ರದ್ದು. ಒಂದು ಹಂತದಲ್ಲಿ ಅದನ್ನೂ ಕೆಡವುವ ಮಾತಿತ್ತು. 2000ದಲ್ಲಿ ಎರಡನೇ ದರ್ಜೆಯ ರಕ್ಷಣೆ ಸಿಕ್ಕಿತು. ದುರಸ್ತಿ ಮಾಡಿ 2008ರಲ್ಲಿ ಮನೆಗಳಾಗಿ ತೆರೆದರು. ಈಗ ಊರಿನ ಯಾವ ಪೋಸ್ಟ್‌ಕಾರ್ಡ್ ನೋಡಿದರೂ ಅದಿರುತ್ತದೆ. ಅದೇ ರಾಬರ್ಟ್ಸ್ ಸ್ಮಾಲ್‌ಬ್ರೂಕ್ ಕ್ವೀನ್ಸ್‌ವೇಯಲ್ಲಿ ಕಟ್ಟಿದ ರಿಂಗ್‌ವೇ ಸೆಂಟರ್‌ಗೆ ಆ ಅದೃಷ್ಟ ಬರಲಿಲ್ಲ. ರಸ್ತೆಯ ತಿರುವಿನ ಜೊತೆಗೇ ಬಾಗಿಕೊಂಡು ಹೋಗುವ ಉದ್ದನೆಯ ಕಟ್ಟಡ ಅದು. ಅದನ್ನು ಕೆಡವಿ ಎತ್ತರದ ಗೋಪುರಗಳನ್ನು ಕಟ್ಟಲು ನಿಮ್ಮ ಯೋಜನಾ ಸಮಿತಿ ಅನುಮತಿ ಕೊಟ್ಟಿದೆ. ಇದೇ ನಗರಸಭೆ 2019ರಲ್ಲಿ ಹವಾಮಾನ ತುರ್ತುಸ್ಥಿತಿ ಘೋಷಿಸಿದ್ದು. ಗಟ್ಟಿಮುಟ್ಟಾದ ಕಾಂಕ್ರೀಟನ್ನು ಪುಡಿಮಾಡಿ ಮತ್ತೆ ಅಷ್ಟಕ್ಕೂ ಮೇಲ್ಪಟ್ಟು ಸಿಮೆಂಟು ಸುರಿಯುವುದು ಆ ಘೋಷಣೆಗೆ ಹೇಗೆ ಹೊಂದುತ್ತದೋ, ನಿಮ್ಮವರೇ ಬಿಡಿಸಿ ಹೇಳಬೇಕು.

ಈಗ ನಾನು ಕೇಳುತ್ತಿರುವುದು ಏನು ಅಂದರೆ: ನಗರಸಭೆಯ ಆಸ್ತಿಯಾಗಲಿ, ಖಾಸಗಿಯವರದ್ದಾಗಲಿ, ಪಾರಂಪರಿಕ ಕಟ್ಟಡಗಳ ಸ್ಥಳೀಯ ಪಟ್ಟಿಯಲ್ಲಿರುವ ಅಥವಾ 40 ವರ್ಷ ದಾಟಿದ ದೊಡ್ಡ ಕಟ್ಟಡವನ್ನು ಕೆಡವಲು ಅರ್ಜಿ ಬಂದಾಗ, ಹೊಸದನ್ನು ಕಟ್ಟುವ ಗುತ್ತಿಗೆಗೆ ಸಹಿ ಬಿದ್ದಿದೆಯಾ, ದುಡ್ಡು ಎಲ್ಲಿಂದ ಬರುತ್ತದೆ ಅಂತ ಮೊದಲು ಕೇಳಿ. ಉತ್ತರ ಕೈಯಲ್ಲಿ ಬರುವ ತನಕ ಜೆಸಿಬಿ ಒಳಗೆ ಬಿಡಬೇಡಿ. ಸಂರಕ್ಷಿತ ಪ್ರದೇಶಗಳಲ್ಲಿ ಇಂಥ ಷರತ್ತು ಹಾಕುವ ರೂಢಿ ಈ ದೇಶದಲ್ಲಿ ಮೊದಲಿಂದಲೂ ಇದೆ. ಅದನ್ನು ಊರಿಗೆಲ್ಲ ಹಿಗ್ಗಿಸಲು ಎಲ್ಲಿ ಕಾನೂನು ಬಿಡುತ್ತದೆ, ಎಲ್ಲಿ ಬಿಡುವುದಿಲ್ಲ ಅಂತ ನಿಮ್ಮ ವಕೀಲರು ನೋಡಲಿ.

ಗ್ರಂಥಾಲಯಗಳ ವಿಷಯದಲ್ಲಿ ಈ ಷರತ್ತು ಸಾಲುತ್ತಿರಲಿಲ್ಲ, ಒಪ್ಪುತ್ತೇನೆ. ಎರಡೂ ಸಲ ಹೊಸದು ಎದ್ದು ನಿಂತ ಮೇಲೆಯೇ ಹಳೆಯದು ಹೋದದ್ದು. ಅದಕ್ಕೇ ಇನ್ನೊಂದು ಕೋರಿಕೆ. ಕೆಡವಿ ಕಟ್ಟಿದರೆ ಎಷ್ಟು, ರಿಪೇರಿ ಮಾಡಿ ಬಳಸಿದರೆ ಎಷ್ಟು, ಹೊಸದನ್ನು ನಡೆಸಲು ವರ್ಷಕ್ಕೆ ಎಷ್ಟು, ಈ ಮೂರೂ ಲೆಕ್ಕ ಒಂದೇ ಹಾಳೆಯಲ್ಲಿ ಸಮಿತಿಯ ಮುಂದೆ ಬರಲಿ. 2013ರಲ್ಲಿ 18.8 ಕೋಟಿ ಪೌಂಡ್ ಖರ್ಚಿನಲ್ಲಿ ಹೊಸ ಗ್ರಂಥಾಲಯ ತೆರೆದಿರಿ. ಚೆಂದದ ಕಟ್ಟಡ, ನನಗೂ ಇಷ್ಟ. ಎರಡು ವರ್ಷ ತುಂಬುವಷ್ಟರಲ್ಲಿ ನಡೆಸಲು ದುಡ್ಡಿಲ್ಲ ಅಂತ ವಾರಕ್ಕೆ 73 ಗಂಟೆ ಇದ್ದ ಸಮಯವನ್ನು 40ಕ್ಕೆ ಇಳಿಸಿದಿರಿ. ಆ ಮೂರನೇ ಲೆಕ್ಕವನ್ನು ಮೊದಲೇ ಯಾರಾದರೂ ಗಟ್ಟಿಯಾಗಿ ಓದಿದ್ದರೆ ಚೆನ್ನಾಗಿತ್ತು.

ಆ ಗ್ರಂಥಾಲಯದ ತುತ್ತತುದಿಯಲ್ಲಿ, ಹೊಂಬಣ್ಣದ ದುಂಡು ಕೋಣೆಯಲ್ಲಿ, 1882ರ ಶೇಕ್ಸ್‌ಪಿಯರ್ ಕೋಣೆ ಇದೆ. ಮರದ ಹಲಗೆ, ಕೆತ್ತನೆ, ಗಾಜಿನ ಬೀರುಗಳನ್ನು 1974ರಲ್ಲಿ ಒಂದೊಂದಾಗಿ ಬಿಚ್ಚಿಟ್ಟು, ಮುಂದೆ ಬೇರೆ ಕಡೆ ಜೋಡಿಸಿ, ಮತ್ತೆ ಬಿಚ್ಚಿ ಅಲ್ಲಿಗೆ ಸಾಗಿಸಿದರು. ಇಡೀ ಕಟ್ಟಡದಲ್ಲಿ ಉಳಿದದ್ದು ಆ ಒಂದು ಕೋಣೆ. ಅಷ್ಟು ಮುತುವರ್ಜಿ ವಹಿಸುವ ಜನ ನಿಮ್ಮಲ್ಲೇ ಇದ್ದರು, ಈಗಲೂ ಇರಬೇಕು. ಮಾರಾಟದ ಪಟ್ಟಿ ಮಾಡುವಾಗ ಅಂಥವರನ್ನೂ ಮೇಜಿನ ಸುತ್ತ ಕೂರಿಸಿಕೊಳ್ಳಿ.

ಆ ಪಟ್ಟಿಯಲ್ಲಿರುವ ಹಳೆಯ ಕಟ್ಟಡಗಳ ಹೆಸರುಗಳನ್ನು ಮಾರಾಟಕ್ಕೆ ಮುಂಚೆಯೇ ಜನರ ಮುಂದಿಡಿ. ನನ್ನ ಎರಡು ಕೋರಿಕೆಗಳು ಯೋಜನಾ ಸಮಿತಿಯ ಯಾವ ಸಭೆಗೆ ಬರುತ್ತವೆ ಅಂತ ತಿಳಿಸಿದರೆ ಸಾರ್ವಜನಿಕರ ಕುರ್ಚಿಯಲ್ಲಿ ಬಂದು ಕೂರುತ್ತೇವೆ. ಬರುವುದಿಲ್ಲ ಅನ್ನುವುದಾದರೆ ಅದಕ್ಕೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ.

ಇಂತಿ,
ಹ್ಯಾಂಡ್ಸ್‌ವರ್ತ್‌ನ ಒಬ್ಬ ಕನ್ನಡಿಗ