ಐದು ವರ್ಷದ ಮಗುವಿನ ಮಾತು ಕೇಳಿಸಿಕೊಳ್ಳಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ಸ್ಪೀಚ್ ಥೆರಪಿಸ್ಟ್. ಸೀಳುತುಟಿ, ಸೀಳು ಅಂಗುಳ ಇದ್ದು ಆಪರೇಷನ್ ಆದ ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸ. ಈ ಆಪರೇಷನ್ ನಮ್ಮಲ್ಲಿ ಉಚಿತವಾಗಿ ಸಿಗುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಇದು ಇದೆ. ಸೇವಾ ಸಂಸ್ಥೆಗಳೂ ಖರ್ಚು ಕೊಡುತ್ತವೆ. ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೇ ಹೀಗಾಯಿತು ಎಂದು ಅಳುವ ತಾಯಂದಿರು ಈಗಲೂ ಬರುತ್ತಾರೆ, ಆದರೆ ಮಗುವನ್ನು ಕರೆದುಕೊಂಡೇ ಬರುತ್ತಾರೆ. ಇಷ್ಟರ ಮಟ್ಟಿಗೆ ಖುಷಿಯೇ.

ನನ್ನ ತಕರಾರು ಲೆಕ್ಕದ ಬಗ್ಗೆ. ವರ್ಷಕ್ಕೆ ಎಷ್ಟು ಆಪರೇಷನ್ ಆಯಿತು ಅನ್ನುವುದು ನಾನು ನೋಡಿದ ಎಲ್ಲ ವರದಿಗಳಲ್ಲೂ ಇರುತ್ತದೆ. ಪಕ್ಕದಲ್ಲೇ ಆಪರೇಷನ್‌ಗೆ ಮೊದಲು, ಆಮೇಲೆ ಅಂತ ಎರಡು ಫೋಟೋ. ತುಟಿ ಫೋಟೋದಲ್ಲಿ ಕಾಣುತ್ತದೆ, ಸರಿ. ಅಂಗುಳ ಕಾಣುವುದಿಲ್ಲ. ಮಾತು ಕೇಳಿಸುವುದೂ ಇಲ್ಲ.

ನನ್ನ ಮೇಜಿನ ಮೇಲೆ ಒಂದು ಪುಟ್ಟ ಕನ್ನಡಿ ಇದೆ. ಮಗುವಿನ ಮೂಗಿನ ಕೆಳಗೆ ಅದನ್ನು ಹಿಡಿದು ‘ಪಪ್ಪ’ ಅನ್ನು ಎನ್ನುತ್ತೇನೆ. ಅಂಗುಳದ ಹಿಂಭಾಗ ಎದ್ದು ಮೂಗಿನ ದಾರಿಯನ್ನು ಸರಿಯಾಗಿ ಮುಚ್ಚಿದರೆ ಕನ್ನಡಿ ತಿಳಿಯಾಗಿಯೇ ಇರುತ್ತದೆ. ಮುಚ್ಚದಿದ್ದರೆ ಗಾಜಿನ ಮೇಲೆ ಉಸಿರಿನ ಮಂಜು ಕೂರುತ್ತದೆ. ಅಂಥ ಮಗು ‘ಬಸ್ಸು ಬಂತು’ ಅಂದರೆ ‘ಮಸ್ಸು ಮಂತು’ ಎಂದು ಕೇಳಿಸುತ್ತದೆ. ಶಾಲೆಯಲ್ಲಿ ಟೀಚರ್ ‘ಜೋರಾಗಿ ಹೇಳು’ ಅಂತಾರೆ. ಜೋರು ಮಾಡಿದರೆ ಗಾಳಿ ಇನ್ನೂ ಜಾಸ್ತಿ ಮೂಗಿಗೆ ನುಗ್ಗುತ್ತದೆ, ಅಷ್ಟೇ. ಸ್ವಲ್ಪ ದಿನಕ್ಕೆ ಮಗು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ. ಇಂಥ ಮಕ್ಕಳಲ್ಲಿ ಎಷ್ಟೋ ಜನಕ್ಕೆ ನನ್ನ ಥೆರಪಿ ಸಾಲದು, ಎರಡನೇ ಆಪರೇಷನ್ನೇ ಬೇಕು.

ಇದನ್ನು ಮೊದಲೇ ತಪ್ಪಿಸಬಹುದಾ? 2023ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಟಾಪ್ಸ್ ಎಂಬ ಅಧ್ಯಯನದ ಫಲಿತಾಂಶ ಬಂತು. ಯುರೋಪ್ ಮತ್ತು ದಕ್ಷಿಣ ಅಮೆರಿಕದ 23 ಆಸ್ಪತ್ರೆಗಳು, ಅಂಗುಳ ಮಾತ್ರ ಸೀಳಿದ್ದ 558 ಮಕ್ಕಳು. ಯಾರಿಗೆ ಆರು ತಿಂಗಳಿಗೆ ಆಪರೇಷನ್, ಯಾರಿಗೆ ಹನ್ನೆರಡು ತಿಂಗಳಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಆಪರೇಷನ್ ವಿಧಾನ ಎಲ್ಲರಿಗೂ ಒಂದೇ. ಐದು ವರ್ಷ ತುಂಬಿದಾಗ ಮಾತು ರೆಕಾರ್ಡ್ ಮಾಡಿ ನೋಡಿದರೆ, ಗಾಳಿ ಮೂಗಿಗೆ ಸೋರುವ ತೊಂದರೆ ಆರು ತಿಂಗಳ ಗುಂಪಿನಲ್ಲಿ ಶೇ 8.9, ಹನ್ನೆರಡು ತಿಂಗಳ ಗುಂಪಿನಲ್ಲಿ ಶೇ 15. ಕೂಸು ‘ಬ ಬ ಬ’ ಎಂದು ತೊದಲಲು ಶುರು ಮಾಡುವುದೇ ಆರೇಳು ತಿಂಗಳಿಗೆ, ಅಲ್ವಾ? ಅಷ್ಟರಲ್ಲಿ ಅಂಗುಳ ಸರಿಯಾಗಿದ್ದರೆ ಒಳ್ಳೆಯದೇ ಇರಬೇಕು.

ಹಾಗಂತ ನಾಳೆಯಿಂದಲೇ ಎಲ್ಲರಿಗೂ ಆರು ತಿಂಗಳಿಗೇ ಮಾಡಿಸಿ ಎಂದು ನಾನು ಕೇಳುತ್ತಿಲ್ಲ. ಆ ಅಧ್ಯಯನದ ಮಕ್ಕಳು ಆಪರೇಷನ್‌ಗೆ ತಯಾರಾಗಿದ್ದ ಆರೋಗ್ಯವಂತ ಮಕ್ಕಳು. ಎಳೆಗೂಸಿಗೆ ಅರಿವಳಿಕೆ ಕೊಡಲು ಪಳಗಿದ ಕೈ ಬೇಕು. ನಮ್ಮ ಹಳ್ಳಿಗಳ ಕಥೆ ಬೇರೆ. ಅಂಗುಳ ಸೀಳಿದ ಕೂಸಿಗೆ ಎದೆಹಾಲು ಚೀಪಲು ಆಗುವುದಿಲ್ಲ. ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸಿ, ತೂಕ ಏರಿಸಿ, ರಕ್ತ ಕಡಿಮೆ ಇದೆ ಎಂದು ಒಮ್ಮೆ ವಾಪಸ್ ಬಂದು ಮತ್ತೆ ಹೋಗುವಷ್ಟರಲ್ಲಿ ಆರು ತಿಂಗಳು ಯಾವಾಗಲೋ ದಾಟಿರುತ್ತದೆ. ಎರಡು, ಮೂರು ವರ್ಷಕ್ಕೆ ಬರುವವರೂ ಇದ್ದಾರೆ. ಇಂಥ ಮಕ್ಕಳಿಗೆ ಯಾವಾಗ, ಯಾವ ವಿಧಾನದಲ್ಲಿ ಮಾಡಿದರೆ ಮಾತು ಚೆನ್ನಾಗಿ ಬರುತ್ತದೆ ಎಂಬುದಕ್ಕೆ ಅಲ್ಲಿನ ಅಂಕಿಯಲ್ಲಿ ಉತ್ತರ ಇಲ್ಲ. ನಾವೇ ಹುಡುಕಬೇಕು.

ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ನೋಡಿ. ಒಂದು ಕಾಲಕ್ಕೆ ಸೀಳಿಗೆ ಚಿಕಿತ್ಸೆ ಕೊಡುವ ಯುರೋಪಿನ 201 ತಂಡಗಳನ್ನು ವಿಚಾರಿಸಿದಾಗ, ಒಂದೇ ಬಗೆಯ ಸೀಳಿಗೆ 194 ಬೇರೆ ಬೇರೆ ಚಿಕಿತ್ಸಾ ಕ್ರಮ ಸಿಕ್ಕಿತ್ತು. ಎಲ್ಲರಿಗೂ ತಮ್ಮದೇ ಸರಿ. ಫಲಿತಾಂಶಗಳನ್ನು ಒಂದೇ ಅಳತೆಯಲ್ಲಿ ಅಳೆದಾಗ ಬ್ರಿಟನ್ ಹಿಂದೆ ಬಿದ್ದಿದ್ದು ಗೊತ್ತಾಯಿತು. 1998ರಲ್ಲಿ ಅಲ್ಲಿನ ಸಮಿತಿ ಐದು ಮತ್ತು ಹನ್ನೆರಡು ವರ್ಷದ ಮಕ್ಕಳನ್ನು ನೋಡಿ, 57 ಕಡೆ ಚದುರಿದ್ದ ಈ ಕೆಲಸವನ್ನು 8ರಿಂದ 15 ಕೇಂದ್ರಗಳಿಗೆ ತರಬೇಕು ಎಂದಿತು. ಸರ್ಜನ್‌ಗಳು ಸುಮ್ನೆ ಒಪ್ಪಲಿಲ್ಲ, ಯಾರು ಒಪ್ಪುತ್ತಾರೆ? ಆದರೂ ಆಯಿತು. ಐದು ವರ್ಷದ ಮಕ್ಕಳ ಮಾತು ಈಗಲೂ ಅಲ್ಲಿ ಕ್ರೇನ್ ಎಂಬ ದಾಖಲೆಗೆ ಸೇರುತ್ತದೆ.

ನಮ್ಮಲ್ಲಿ ಏನು ಕೊರತೆ? ಧಾರವಾಡ, ದೇರಳಕಟ್ಟೆ, ಬೆಂಗಳೂರಿನಲ್ಲಿ ನುರಿತ ಸರ್ಜನ್‌ಗಳಿದ್ದಾರೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಕೇಂದ್ರದ ಸಂಸ್ಥೆ, ನೀವೊಂದು ಪತ್ರ ಬರೆಯಬೇಕಾದೀತು. ಸೀಳಿನ ದಾಖಲೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಲ್ಲಿ ಇಂಡಿಕ್ಲೆಫ್ಟ್ ಎಂಬ ವ್ಯವಸ್ಥೆಯೂ ತಯಾರಾಗಿದೆ.

ಹಾಗಾಗಿ ಕೇಳುವುದು ಇಷ್ಟು. ಸರ್ಕಾರದ ಹಣದಲ್ಲಿ ಅಂಗುಳದ ಆಪರೇಷನ್ ಮಾಡುವ ಪ್ರತಿ ಆಸ್ಪತ್ರೆಯೂ ಮಗುವಿಗೆ ಐದು ತುಂಬಿದಾಗ ಒಂದೇ ಪಟ್ಟಿಯ ಕನ್ನಡ ಪದ, ವಾಕ್ಯಗಳನ್ನು ಹೇಳಿಸಿ ರೆಕಾರ್ಡ್ ಮಾಡಲಿ. ಉರ್ದು, ತುಳು, ಕೊಂಕಣಿ ಮನೆಮಾತಿನವರಿಗೆ ಅವರದೇ ಪಟ್ಟಿ ಇರಲಿ. ಯಾವ ಆಸ್ಪತ್ರೆಯ ಮಗು ಎಂದು ಗೊತ್ತಿಲ್ಲದ ತಜ್ಞರು ಅದನ್ನು ಕೇಳಿ ಅಂಕ ಕೊಡಲಿ. ಆಮೇಲೆ ನಮ್ಮದೇ ಅಧ್ಯಯನ ಮಾಡೋಣ. ‘ನಮ್ಮ ಮಗುವಿನ ಮೇಲೆ ಪ್ರಯೋಗವಾ?’ ಎಂದು ಅಪ್ಪ-ಅಮ್ಮ ಹೆದರುವುದು ಸಹಜ. ಟಾಪ್ಸ್‌ನಲ್ಲಿ ಹೋಲಿಸಿದ ಎರಡೂ ವಯಸ್ಸಿಗೆ ಆಪರೇಷನ್ ಮಾಡುವ ರೂಢಿ ಮೊದಲೇ ಇತ್ತು. ಅದನ್ನು ಬಿಡಿಸಿ ಹೇಳಿ, ಒಪ್ಪಿದವರನ್ನಷ್ಟೇ ಸೇರಿಸಿಕೊಂಡರೆ ಸಾಕು.

ಇನ್ನೊಂದು ಸಣ್ಣ ಬಾಬ್ತು. ಆಪರೇಷನ್ ಉಚಿತವಾದರೂ ಐದು ವರ್ಷದ ತಪಾಸಣೆಗೆ ಮಗು ಬರುವುದಿಲ್ಲ, ಏಕೆಂದರೆ ಅಪ್ಪನ ಅವತ್ತಿನ ಕೂಲಿ ಹೋಗುತ್ತದೆ. ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿಯನ್ನು ಆಪರೇಷನ್ ಪ್ಯಾಕೇಜಿನಲ್ಲೇ ಸೇರಿಸಿ ಆದೇಶ ಹೊರಡಿಸಿ.

ಇತಿ,
ಜಿಲ್ಲಾ ಕೇಂದ್ರವೊಂದರ ಸ್ಪೀಚ್ ಥೆರಪಿಸ್ಟ್