ಅವಳೂ ನಕ್ಕಳು ಅಂದೆಯಲ್ಲ

ಬದಿಯಡ್ಕ,
ಭಾನುವಾರ

ಪ್ರೀತಿಯ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದ.

ಇಲ್ಲಿ ಮಳೆ ಎರಡು ದಿನ ಬಿಟ್ಟಿತ್ತು. ಆ ಸಂದಿನಲ್ಲೇ ಅಡಿಕೆಗೆ ಮದ್ದು ಬಿಡುವವರು ಬಂದು ಹೋದರು. ಅಂಗಳವೆಲ್ಲ ಮೈಲುತುತ್ತಿನ ನೀಲಿ. ನಿನ್ನಮ್ಮ ಬಂದಿದ್ದಳು, ನೀನು ಸಣ್ಣಗಾಗಿದ್ದೀಯ ಅಂತ ಎರಡು ಗಂಟೆ ದೂರಿದಳು.

ಮೊನ್ನೆ ನೀನು ಫೋನಿನಲ್ಲಿ ಹೇಳಿದ್ದಕ್ಕೆ ಆಗಲೇ ಉತ್ತರ ಕೊಡಬೇಕೆಂದಿದ್ದೆ, ನಿನಗೆ ಮೀಟಿಂಗ್ ಇತ್ತು. ವಾಟ್ಸಾಪಿನಲ್ಲಿ ಇಷ್ಟುದ್ದ ಬರೆದರೆ ನೀನು ಓದುವವನಲ್ಲ. ಕಾಗದ ಕೈಗೆ ಬಂದ ಮೇಲೆ ಓದಲೇಬೇಕು, ಅಲ್ವಾ?

ಆಫೀಸಿನಲ್ಲಿ ಅರ್ಧ ದಿನ ತರಬೇತಿ ಇಟ್ಟಿದ್ದರು, ಜನಾಂಗೀಯ ನಿಂದನೆ ನಡೆಯುವಾಗ ಪಕ್ಕದಲ್ಲಿ ಇರುವವರು ಏನು ಮಾಡಬೇಕು ಅಂತ ಹೇಳಿಕೊಟ್ಟರು, ಊಟ ಚೆನ್ನಾಗಿತ್ತು ಅಂದೆ. ಆಮೇಲೆ ಇನ್ನೊಂದು ಮಾತು ಸೇರಿಸಿದೆ. ನಿಮ್ಮ ಟೀಮಿನ ಮಿಜೋರಂ ಹುಡುಗಿಯನ್ನು ನಿಮ್ಮ ಲೀಡ್ 'ಮೋಮೋ' (ಆ ಆವಿಯಲ್ಲಿ ಬೇಯಿಸುವ ಕಡುಬು) ಅಂತಲೇ ಕರೆಯುವುದು. ತರಬೇತಿ ಮುಗಿಸಿ ಲಿಫ್ಟ್ ಹತ್ತುವಾಗಲೂ ಹಾಗೇ ಕರೆದ. ಎಲ್ಲರೂ ನಕ್ಕರು. "ಅವಳೂ ನಕ್ಕಳು ದೊಡ್ಡಮ್ಮ, ಅವಳಿಗೇನೂ ಬೇಜಾರಿಲ್ಲ" ಅಂದೆ.

ಆ ನಗು ನನಗೆ ಗೊತ್ತು ಪುಟ್ಟ. ನಾನೂ ಹನ್ನೊಂದು ತಿಂಗಳು ಹಾಗೇ ನಕ್ಕವಳು.

1983ರಲ್ಲಿ ನನಗೆ ಕೆಲಸ ಸಿಕ್ಕಿದಾಗ ಮೊದಲು ಹಾಕಿದ್ದು ಕೇರಳದ ತೆಂಕು ಕಡೆಯ ಒಂದು ಕಚೇರಿಗೆ. ನಾನು ಓದಿದ್ದು ಇಲ್ಲೇ, ಕಾಸರಗೋಡಿನ ಕನ್ನಡ ಶಾಲೆಯಲ್ಲಿ. ಮಲಯಾಳ ಬರುತ್ತಿತ್ತು, ಆದರೆ ಅದು ಬಸ್ಸಿನ ಮಲಯಾಳ, ಸಂತೆಯ ಮಲಯಾಳ. ಅವರ 'ೞ' ಮಾತ್ರ ನಾಲಿಗೆಗೆ ಹತ್ತಲಿಲ್ಲ. (ಹಳಗನ್ನಡದಲ್ಲಿ ನಮಗೂ ಅದೇ ೞ ಇತ್ತು. ನಾವು ಕಳೆದುಕೊಂಡೆವು, ಅವರು ಉಳಿಸಿಕೊಂಡರು. ಯಾರನ್ನು ದೂರುವುದು?) ಬಾಳೆಹಣ್ಣಿಗೆ ಅವರು ವಾೞಪ್ಪೞಂ ಅನ್ನುತ್ತಾರೆ. ನನ್ನ ಬಾಯಲ್ಲಿ ಅದು ವಾಳಪ್ಪಳ. ದಿನಾ ನಾಲ್ಕು ಗಂಟೆಯ ಚಹಾಕ್ಕೆ ಸೂಪರಿಂಟೆಂಡೆಂಟರು ನನ್ನ ಕಡೆ ತಿರುಗಿ, "ಕಾಸರಗೋಡು, ಒಮ್ಮೆ ಹೇಳು ನೋಡೋಣ" ಅನ್ನುತ್ತಿದ್ದರು. ನನ್ನ ಹೆಸರೂ ಕಾಸರಗೋಡೇ ಆಗಿತ್ತು. ನಾನು ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗದಿದ್ದರೆ "ತಮಾಷೆ ಗೊತ್ತಾಗದವಳು" ಅನ್ನುವ ಇನ್ನೊಂದು ಹೆಸರು ಬೀಳುತ್ತಿತ್ತು. ಸಂಜೆ ಹಾಸ್ಟೆಲಿನಲ್ಲಿ ಬಾಗಿಲು ಹಾಕಿ, ಕನ್ನಡಿ ಮುಂದೆ ನಾಲಿಗೆ ಮಡಚಿ ಮಡಚಿ ಅದೇ ಶಬ್ದ ಕಲಿಯಲು ನೋಡುತ್ತಿದ್ದೆ. ಇವತ್ತಿಗೂ ಬರುವುದಿಲ್ಲ.

ಅಲ್ಲಿ ಒಬ್ಬರು ಟೈಪಿಸ್ಟ್ ಇದ್ದರು, ವಯಸ್ಸಾದವರು, ಜಾಸ್ತಿ ಮಾತಿಲ್ಲ. ಒಂದು ದಿನ ಸೂಪರಿಂಟೆಂಡೆಂಟರು ನನ್ನ ಕಡೆ ತಿರುಗುವಷ್ಟರಲ್ಲಿ ಅವರು ಎದ್ದು ನಿಂತು, "ಸಾರ್, ಆ ಪಿಂಚಣಿ ಫೈಲು ಇವತ್ತೇ ಹೋಗಬೇಕಲ್ಲ, ಸಹಿ ಆಗಿಲ್ಲ" ಅಂದರು. ಅಷ್ಟೇ. ಮಾತು ಫೈಲಿಗೆ ಹೋಯಿತು, ಚಹಾ ಮುಗಿಯಿತು. ಮರುದಿನವೂ ಇನ್ನೇನೋ ಕೇಳಿದರು. ಮೂರನೇ ದಿನ ಜಗಲಿಯಲ್ಲಿ ಸಿಕ್ಕಾಗ ಮೆಲ್ಲಗೆ, "ನನಗೇ ಕೇಳಲಿಕ್ಕೆ ಆಗುವುದಿಲ್ಲ, ನಿನಗೆ ಹೇಗಾಗುತ್ತದೋ" ಅಂದರು. ನಾನು ಅತ್ತುಬಿಟ್ಟೆ. ಅವರ ಹೆಸರು ಈಗಲೂ ನನ್ನ ದೇವರ ಕೋಣೆಯ ಹೆಸರುಗಳ ಜೊತೆ ಬರುತ್ತದೆ.

ಹಾಗಂತ ನನ್ನದೂ ಆ ಹುಡುಗಿಯದೂ ಒಂದೇ ಅಂತ ನಾನು ಹೇಳುವುದಿಲ್ಲ. ನಾನು ಬಾಯಿ ಮುಚ್ಚಿ ಕೂತರೆ ಅವರಲ್ಲಿ ಒಬ್ಬಳಾಗುತ್ತಿದ್ದೆ. ಅವಳು ಬಾಯಿ ಮುಚ್ಚಿದರೂ ಮುಖವನ್ನು ಎಲ್ಲಿ ಬಚ್ಚಿಡುತ್ತಾಳೆ? 2012ರ ಆಗಸ್ಟಿನಲ್ಲಿ, ತಮ್ಮ ಮೇಲೆ ದಾಳಿ ಆಗುತ್ತದೆ ಅಂತ ಯಾರೋ ಹಬ್ಬಿಸಿದ ಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದಲೇ ಗುವಾಹಟಿಯ ರೈಲು ಹತ್ತಿದ್ದರು. ನೀನಾಗ ಶಾಲೆಯಲ್ಲಿದ್ದೆ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ ನಗರದಲ್ಲಿ ಅರುಣಾಚಲದ ನಿಡೋ ತಾನಿಯಾ ಎಂಬ ವಿದ್ಯಾರ್ಥಿಯ ಕೂದಲು ನೋಡಿ ಅಂಗಡಿಯಲ್ಲಿ ಗೇಲಿ ಮಾಡಿದರು. ಮಾತಿಗೆ ಮಾತು ಬೆಳೆದು ಹೊಡೆದರು, ಹುಡುಗ ಮರುದಿನ ಸತ್ತ. ಆಮೇಲೆ ಈಶಾನ್ಯದವರ ಮೇಲಿನ ಇಂಥ ಕಾಟದ ಬಗ್ಗೆ ನೋಡಲು ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ಮಾಡಿತು, ವರದಿಯೂ ಬಂತು. 2020ರಲ್ಲಿ ಅದೇ ಜನರನ್ನು ಬೀದಿಯಲ್ಲಿ 'ಕೊರೊನಾ' ಅಂತ ಕರೆದರು. ನೀನು ಮೋಮೋ ಅಂದರೆ ತಿಂಡಿ ತಾನೇ ಅನ್ನುತ್ತೀಯ. ತಿಂಡಿಯೇ. ಆದರೆ ಅವಳ ಕಿವಿಗೆ ಅದು ಒಂಟಿಯಾಗಿ ಬೀಳುವುದಿಲ್ಲ, ಇದೆಲ್ಲದರ ಜೊತೆ ಬೀಳುತ್ತದೆ.

ಈಗ ನಿನ್ನಮ್ಮನಿಗೂ ನಾನು ಹೇಳದ ಒಂದು ವಿಷಯ.

ತೊಂಬತ್ತರ ದಶಕದಲ್ಲಿ ನನಗೆ ಊರ ಕಡೆಗೇ ವರ್ಗವಾಯಿತು. ಆ ಕಚೇರಿಗೆ ಒಬ್ಬ ಕೊರಗರ ಹುಡುಗ ಪ್ಯೂನ್ ಆಗಿ ಬಂದ. ಕೊರಗರು ಅಂದರೆ ನಮ್ಮ ಕರಾವಳಿಯಲ್ಲಿ ಮೇಲ್ಜಾತಿಯವರು ಮುಟ್ಟಿಸಿಕೊಳ್ಳದೆ ದೂರ ಇಟ್ಟ ಬುಡಕಟ್ಟಿನವರು. ಕೊಪ್ಪದಿಂದ, ಅಂದರೆ ಅವರ ಕೇರಿಯಿಂದ, ಓದಿ ಸರ್ಕಾರಿ ಕೆಲಸಕ್ಕೆ ಬಂದವನು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದ. ಹೋಟೆಲಿನಿಂದ ತಟ್ಟೆಯಲ್ಲಿ ಚಹಾ ಬರುತ್ತಿತ್ತು. ನಮ್ಮ ಆರು ಜನರದು ಸ್ಟೀಲಿನ ಲೋಟ. ಅವನಿಗೆ ಒಂದು ಗಾಜಿನ ಗ್ಲಾಸು, ಬಾಯಿಯ ಹತ್ತಿರ ಚಕ್ಕೆ ಎದ್ದದ್ದು. ಅದು ಕಿಟಕಿಯಲ್ಲಿ ಇಂಕಿನ ಪ್ಯಾಡಿನ ಪಕ್ಕ ಕವುಚಿ ಕೂತಿರುತ್ತಿತ್ತು. ಅವನೇ ತೆಗೆಯಬೇಕು, ಅವನೇ ತೊಳೆದು ಅಲ್ಲೇ ಇಡಬೇಕು. ಯಾರೂ ಅವನಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಮೊದಲ ದಿನದಿಂದ ಹಾಗೇ ಇತ್ತು. ಎರಡು ವರ್ಷ ನಾನು ಅದನ್ನು ನೋಡಿದೆ. ನಾನು ಇಟ್ಟ ಗ್ಲಾಸಲ್ಲವಲ್ಲ ಅಂದುಕೊಂಡೆ. ವಾಳಪ್ಪಳ ಹೇಳಿ ಅತ್ತವಳೇ ಹೀಗೆ.

ಕೊರಗರಿಗೆ ಮೇಲ್ಜಾತಿಯವರ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ ಕಾಯಿದೆ ಮಾಡಿ ನಿಷೇಧಿಸಿದ್ದು 2000ದಲ್ಲಿ. ನಮ್ಮ ಗ್ಲಾಸು ಅದಕ್ಕಿಂತ ಎಷ್ಟೋ ಮೇಲು ಅಂತ ಆಗ ಸಮಾಧಾನ ಮಾಡಿಕೊಳ್ಳುತ್ತಿದ್ದೆವೋ ಏನೋ.

ಕೊನೆಗೆ ಕಣ್ಣೂರಿನಿಂದ ಒಬ್ಬ ಹೊಸ ಗುಮಾಸ್ತ ಬಂದ, ಇಪ್ಪತ್ತಮೂರು ವರ್ಷದವನು. ಮೊದಲ ದಿನವೇ ಕಿಟಕಿಯ ಗ್ಲಾಸು ತೆಗೆದು ತನಗೆ ಚಹಾ ಹೊಯ್ದುಕೊಂಡ. ತನ್ನ ಪಾಲಿನ ಸ್ಟೀಲ್ ಲೋಟ ಆ ಹುಡುಗನ ಕೈಗೆ ಕೊಟ್ಟ. ಭಾಷಣ ಇಲ್ಲ, ಏನಿಲ್ಲ. ನಾವು ಐದಾರು ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಮರುದಿನದಿಂದ ಲೋಟ ಎಂಟು.

ನಿನ್ನ ಫೋನು ಬಂದ ಮೇಲೆ ಈ ತರಬೇತಿಯ ಬಗ್ಗೆ ನಾನೂ ಕೂತು ಓದಿದೆ. 1968ರಲ್ಲಿ ಅಮೆರಿಕದ ಲಟಾನೆ, ಡಾರ್ಲಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ದರಂತೆ. ಕೋಣೆಯಲ್ಲಿ ಜನರನ್ನು ಕೂರಿಸಿ ಫಾರಂ ತುಂಬಲು ಕೊಟ್ಟು, ಗೋಡೆಯ ಸಂದಿನಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ 100ಕ್ಕೆ 75 ಜನ ಎದ್ದು ಹೋಗಿ ಹೇಳಿದರು. ಏನೂ ಆಗದವರಂತೆ ಕೂರಲು ಮೊದಲೇ ಹೇಳಿಟ್ಟ ಇಬ್ಬರು ಪಕ್ಕದಲ್ಲಿದ್ದಾಗ 100ಕ್ಕೆ 10 ಜನ. ಓದುತ್ತಿದ್ದ ಹಾಗೆ ನನಗೆ ಆ ಕಿಟಕಿಯೇ ಕಣ್ಣಿಗೆ ಬಂತು.

ನಿಮಗೆ ಐದು ದಾರಿ ಹೇಳಿಕೊಟ್ಟಿರಬೇಕು. ಮಾತು ಬೇರೆ ಕಡೆ ತಿರುಗಿಸುವುದು, ಇನ್ನೊಬ್ಬರ ನೆರವು ಕೇಳುವುದು, ಬರೆದಿಡುವುದು, ಆಮೇಲೆ ವಿಚಾರಿಸುವುದು, ನೇರ ಹೇಳುವುದು. ಎಲ್ಲರಿಗೂ ಕೊನೆಯದೇ ಇಷ್ಟ, ಸಿನಿಮಾ ಹೀರೋನ ಹಾಗೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ನೀನು ಮೇಜು ಗುದ್ದಿ ಮಾತಾಡಿ ಮನೆಗೆ ಹೋಗುತ್ತೀಯ, ಮರುದಿನ ಲೀಡಿನ ಸಿಟ್ಟು ತಿನ್ನುವುದು ಅವಳು. ಬೇಕಾದರೆ ಸುಮ್ನೆ ಕೇಳು: "ಮೋಮೋ ಅಂದ್ರೆ ಏನು ಸಾರ್, ನಂಗೆ ಅರ್ಥ ಆಗ್ಲಿಲ್ಲ." ಬಿಡಿಸಿ ಹೇಳಬೇಕಾಗಿ ಬಂದರೆ ಅಂಥ ತಮಾಷೆ ಅಲ್ಲೇ ಸಾಯುತ್ತದೆ. ಅದೂ ಆಗದಿದ್ದರೆ ನಗಬೇಡ. ನಗದೆ ಇರುವುದಕ್ಕೆ ಯಾರೂ ನಿನ್ನ ಕೆಲಸ ತೆಗೆಯುವುದಿಲ್ಲ.

ಆದರೆ ನಾಲ್ಕನೆಯದನ್ನು ಬಿಡಬೇಡ. ಅವಳು ಒಬ್ಬಳೇ ಸಿಕ್ಕಾಗ, "ಆವತ್ತು ಲಿಫ್ಟಿನಲ್ಲಿ ನಾನೂ ನಕ್ಕೆ, ತಪ್ಪಾಯಿತು" ಅನ್ನು. ನಂತರ ಅವಳಿಗೆ ಏನು ಬೇಕು ಕೇಳು. ದಿನ, ಹೊತ್ತು, ಆಡಿದ ಮಾತು, ಯಾರ್‍ಯಾರಿದ್ದರು ಅಂತ ಒಂದು ಕಡೆ ಬರೆದಿಡು. ಆ ಚೀಟಿಯನ್ನು ಅವಳಿಗೆ ಕೊಡು. ಅವಳನ್ನು ಕೇಳದೆ ಎಚ್‌ಆರ್‌ಗೆ ಓಡಬೇಡ. ಲೈಂಗಿಕ ಕಿರುಕುಳಕ್ಕಾದರೆ 2013ರ ಕಾಯಿದೆ ಇದೆ, 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಸಮಿತಿ ಇರಲೇಬೇಕು. ಜನಾಂಗೀಯ ನಿಂದನೆಗೆ ಅಂಥ ಕಡ್ಡಾಯ ಸಮಿತಿ ಇಲ್ಲ. ಪರಿಶಿಷ್ಟ ಪಂಗಡದವರನ್ನು ಬೇಕೆಂದೇ ನಾಲ್ಕು ಜನರೆದುರು ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯಿದೆ ಇದೆ. ಅಷ್ಟು ದೂರ ಹೋಗಬೇಕೋ ಬೇಡವೋ ಅನ್ನುವುದು ಅವಳಿಗೆ ಬಿಟ್ಟದ್ದು. "ಬಿಟ್ಟುಬಿಡು" ಅಂದರೆ ಬಿಡು, ಚೀಟಿ ಮಾತ್ರ ಇರಲಿ.

ಬೆಂಗಳೂರಿನಲ್ಲಿ ನಿನಗೂ "ಕೇರಳದವನಾದರೂ ಕನ್ನಡ ಚೆನ್ನಾಗಿ ಮಾತಾಡ್ತೀಯ" ಅನ್ನುತ್ತಾರಂತಲ್ಲ? ನಿನ್ನಮ್ಮ ಹೇಳಿದಳು. 1956ರ ನವೆಂಬರ್ 1ಕ್ಕೆ ನಮ್ಮೂರು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದವಳು ನಾನು. ಕೇರಳದಲ್ಲಿ ಕನ್ನಡದವಳು, ಕರ್ನಾಟಕದಲ್ಲಿ ಕೇರಳದವಳು ಅನ್ನಿಸಿಕೊಂಡೇ ಬೆಳೆದೆ. ಆಗ ನೀನು ಏನು ಮಾಡುತ್ತೀಯ ಅಂತ ಕೇಳಿದ್ದಕ್ಕೆ ನಿನ್ನಮ್ಮ "ನಗ್ತಾನೆ" ಅಂದಳು.

ಆ ಪ್ಯೂನ್ ಹುಡುಗ ಈಗ ರಿಟೈರ್ ಆಗಿದ್ದಾನೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರೆ ಮೊಮ್ಮಗಳ ವಿಷಯ ಹೇಳುತ್ತಾನೆ. ಗ್ಲಾಸಿನ ಮಾತು ನಾನು ಇನ್ನೂ ಎತ್ತಿಲ್ಲ.

ಈ ಕಾಗದದ ಜೊತೆ ಹಲಸಿನ ಹಪ್ಪಳ ಎರಡು ಕಟ್ಟು ಕಳಿಸಿದ್ದೇನೆ. ಒಂದು ಅವಳಿಗೆ. ಆದರೆ ಹಪ್ಪಳ ಹಿಡಿದುಕೊಂಡು ಹೋಗಿ ತಪ್ಪಾಯಿತು ಅನ್ನಬೇಡ, ಲಂಚ ಕೊಟ್ಟ ಹಾಗಿರುತ್ತದೆ. ಮೊದಲು ಮಾತಾಡು, ಹಪ್ಪಳ ಒಂದು ವಾರ ಬಿಟ್ಟು ಕೊಡು. ಡಬ್ಬಿಯಲ್ಲಿ ಹಾಕಿಡು, ಗಾಳಿಗೆ ಮೆತ್ತಗಾಗುತ್ತದೆ.

ನಿನ್ನ
ದೊಡ್ಡಮ್ಮ