ವುಲ್ಫ್ ಕಾದಂಬರಿಗಳಲ್ಲಿ ನಿಜಕ್ಕೂ ಏನೂ ನಡೆಯಲ್ವಾ?

ಸಂಪಾದಕರಿಗೆ ನಮಸ್ಕಾರ.

ಇಂಗ್ಲಿಷ್ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಓದುಗರ ನಡುವೆ ನಡೆದಿರುವ ಜಗಳವನ್ನು ಮೊದಲ ಪತ್ರದಿಂದಲೂ ಓದುತ್ತಾ ಬಂದಿದ್ದೇನೆ. ಐವತ್ತು ಪುಟ ಓದಿದರೂ ಯಾರೂ ಏನೂ ಮಾಡಲ್ಲ, ಸುಮ್ನೆ ಕೂತು ಯೋಚನೆ ಮಾಡ್ತಾರೆ ಅಷ್ಟೇ, ಎಂದು ಒಬ್ಬರು ಬರೆದರು. ಇಂಥವರಿಗೆ ಪತ್ತೇದಾರಿ ಕಾದಂಬರಿಯೇ ಸರಿ ಎಂದು ಇನ್ನೊಬ್ಬರು ಉತ್ತರ ಕೊಟ್ಟರು. ಆಮೇಲೆ ಬಂದ ಪತ್ರಗಳೆಲ್ಲ ಇವರಿಬ್ಬರಲ್ಲಿ ಒಬ್ಬರ ಹಿಂದೆ ನಿಂತವು. ವುಲ್ಫ್ ನನಗೆ ತುಂಬಾ ಬೇಕಾದ ಲೇಖಕಿ. ಆದರೂ ಅವರನ್ನು ಅರ್ಧಕ್ಕೆ ಬಿಟ್ಟವರನ್ನು ಹೀಗೆ ಹೀಯಾಳಿಸುವುದು ನನಗೆ ಒಪ್ಪಿಗೆಯಿಲ್ಲ. ಒಂದು ಕಾಲದಲ್ಲಿ ನಾನೂ ಬಿಟ್ಟವನೇ.

ಕಾಲೇಜಿನ ದಿನಗಳಲ್ಲಿ 'ಟು ದಿ ಲೈಟ್‌ಹೌಸ್' ಹಿಡಿದಿದ್ದೆ. 1927ರ ಕಾದಂಬರಿ. ನಾಳೆ ಹವಾ ಚೆನ್ನಾಗಿದ್ದರೆ ಲೈಟ್‌ಹೌಸಿಗೆ ಹೋಗೋಣ ಅಂತ ತಾಯಿ ಹೇಳುತ್ತಾಳೆ. ಚೆನ್ನಾಗಿರಲ್ಲ ಅಂತ ಅಪ್ಪ ಹೇಳುತ್ತಾನೆ. ಆರು ವರ್ಷದ ಜೇಮ್ಸ್‌ಗೆ ಅಪ್ಪನನ್ನು ಕೊಂದುಬಿಡುವಷ್ಟು ಸಿಟ್ಟು ಬರುತ್ತದೆ. ಪುಟದ ಮೇಲೆ ಪುಟ ಹೋದರೂ ದೋಣಿ ಮಾತ್ರ ಹೊರಡಲ್ಲ. ಪುಸ್ತಕ ಮುಚ್ಚಿಟ್ಟೆ. ಸುಮಾರು ಹದಿನೈದು ವರ್ಷದ ಮೇಲೆ, ನನ್ನ ಅಮ್ಮ ತೀರಿಹೋದ ವರ್ಷ, ಅದೇ ಪ್ರತಿ ಮತ್ತೆ ಕೈಗೆ ಬಂತು. ಈ ಸಲ ಎರಡನೇ ಭಾಗದವರೆಗೆ ಹೋದೆ.

ಆ ಭಾಗದಲ್ಲಿ ಹತ್ತು ವರ್ಷ ಕಳೆಯುತ್ತದೆ. ರಜೆಗೆ ಬಂದು ಇರುತ್ತಿದ್ದ ಮನೆ ಖಾಲಿ ಬಿದ್ದಿದೆ. ಗಾಳಿ ಒಳಗೆ ನುಗ್ಗುತ್ತದೆ. ಗೋಡೆಗೆ ಅಂಟಿಸಿದ ಕಾಗದ ಸಡಿಲವಾಗುತ್ತದೆ. ಮಕ್ಕಳ ಕೋಣೆಯಲ್ಲಿದ್ದ ಹಂದಿ ತಲೆಬುರುಡೆಗೆ ತಾಯಿ ಒಂದು ರಾತ್ರಿ ಸುತ್ತಿಟ್ಟಿದ್ದ ಶಾಲು ಒಂದೊಂದೇ ಮಡಿಕೆ ಬಿಚ್ಚಿ ಜೋತುಬೀಳುತ್ತದೆ. ಇಷ್ಟನ್ನೂ ಸಾವಧಾನವಾಗಿ ಹೇಳುವ ವುಲ್ಫ್, ಆ ತಾಯಿ, ಅಂದರೆ ಮಿಸೆಸ್ ರಾಮ್ಸೆ, ಸತ್ತದ್ದನ್ನು ಮಾತ್ರ ಬ್ರಾಕೆಟ್ಟಿನೊಳಗೆ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಕತ್ತಲು ಕತ್ತಲಾಗಿದ್ದ ಒಂದು ಬೆಳಗ್ಗೆ ಗಂಡ ಎಡವುತ್ತಾ ನಡೆದು ಬಂದು ಎರಡೂ ತೋಳು ಚಾಚುತ್ತಾನೆ. ಹಿಂದಿನ ರಾತ್ರಿ ಹೆಂಡತಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರಿಂದ ಚಾಚಿದ ತೋಳುಗಳು ಖಾಲಿಯಾಗೇ ಉಳಿಯುತ್ತವೆ. ಅಷ್ಟೇ. ಮಗಳು ಪ್ರೂ ಹೆರಿಗೆಯ ತೊಂದರೆಯಿಂದ ಸಾಯುತ್ತಾಳೆ. ಮಗ ಆಂಡ್ರೂ ಫ್ರಾನ್ಸಿನಲ್ಲಿ ಯುದ್ಧದಲ್ಲಿ ಶೆಲ್ ಸಿಡಿದು ಸಾಯುತ್ತಾನೆ. ಅವೂ ಬ್ರಾಕೆಟ್ಟಿನೊಳಗೇ.

ಸಾವಾದ ಮನೆಯಲ್ಲಿ ಇದ್ದವರಿಗೆ ಇದು ಗೊತ್ತಿರುತ್ತದೆ. ಸುದ್ದಿ ಫೋನಿನಲ್ಲಿ ಅರ್ಧ ನಿಮಿಷದಲ್ಲಿ ಬಂದು ಹೋಗುತ್ತದೆ. ತಿಂಗಳುಗಟ್ಟಲೆ ಎದುರಿಗೆ ಉಳಿಯುವುದು ಅವರ ಕನ್ನಡಕ, ಅವರ ಬಟ್ಟೆ, ಅವರು ಹಾಗೇ ಬಿಟ್ಟುಹೋದ ಬೀರು. ಏನೂ ನಡೆಯಲ್ಲ ಎಂದು ಬರೆದ ಓದುಗರಿಗೆ ನಾನು ಹೇಳಬೇಕಾದದ್ದು ಇಷ್ಟೇ: ಈ ಕಾದಂಬರಿಯಲ್ಲಿ ತಾಯಿ, ಮಗಳು, ಮಗ ಸಾಯುತ್ತಾರೆ, ಒಂದು ಮಹಾಯುದ್ಧ ನಡೆದುಹೋಗುತ್ತದೆ. ನಾವು ಅದನ್ನು ಹುಡುಕುವ ಜಾಗದಲ್ಲಿ ವುಲ್ಫ್ ಅದನ್ನು ಇಟ್ಟಿಲ್ಲ.

ಈ ಜಗಳ ಇಂದು ಹುಟ್ಟಿದ್ದೂ ಅಲ್ಲ. 1922ರಲ್ಲಿ ವುಲ್ಫ್ ಅವರ 'ಜೇಕಬ್ಸ್ ರೂಮ್' ಕಾದಂಬರಿ ಬಂದ ಮೇಲೆ, ಆಗ ಬಹಳ ಹೆಸರು ಮಾಡಿದ್ದ ಕಾದಂಬರಿಕಾರ ಆರ್ನಾಲ್ಡ್ ಬೆನೆಟ್ ಇದೇ ಮಾತು ಹೇಳಿದ್ದರು. ಬರವಣಿಗೆ ಜಾಣತನದ್ದು, ಆದರೆ ಪಾತ್ರಗಳು ಮನಸ್ಸಿನಲ್ಲಿ ಉಳಿಯಲ್ಲ ಎಂಬುದು ಅವರ ದೂರು. ವುಲ್ಫ್ ಸುಮ್ಮನಿರಲಿಲ್ಲ. ರೈಲಿನ ಮೂಲೆಯಲ್ಲಿ ಕೂತ ಒಬ್ಬ ಮುದುಕಿಯನ್ನು ಇಟ್ಟುಕೊಂಡು ಪ್ರಬಂಧವನ್ನೇ ಬರೆದರು. ಮನೆ ಬಾಡಿಗೆ ಎಷ್ಟು, ಊರು ಯಾವುದು, ಮನೆ ಹೇಗಿದೆ ಅಂತ ನೀವು ಎಲ್ಲವನ್ನೂ ಹೇಳ್ತೀರಿ, ಎದುರಿಗೆ ಕೂತ ಆ ಹೆಂಗಸನ್ನೇ ನೋಡಲ್ಲ ಎಂಬುದು ಅದರ ತಿರುಳು. ನನ್ನ ಮಟ್ಟಿಗೆ ಬೆನೆಟ್ ಮಾತಿನಲ್ಲಿ ಅರ್ಧ ನಿಜ ಇದೆ. ಜೇಕಬ್ ಹೇಗಿದ್ದ ಅಂತ ನನಗೂ ನೆನಪಾಗಲ್ಲ. ಆದರೆ ಕೊನೆಯ ಪುಟ ಮರೆಯಲು ಆಗಿಲ್ಲ. ಯುದ್ಧಕ್ಕೆ ಹೋದ ಮಗ ಸತ್ತಿದ್ದಾನೆ. ತಾಯಿ ಅವನ ಕೋಣೆಯಲ್ಲಿ ನಿಂತು ಅವನ ಒಂದು ಜೊತೆ ಹಳೇ ಶೂ ಎತ್ತಿ ಹಿಡಿದು, ಇವುಗಳನ್ನು ನಾನು ಏನು ಮಾಡಲಿ ಎಂದು ಅವನ ಗೆಳೆಯನನ್ನು ಕೇಳುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಹಾಗಾದರೆ ಓದುವುದು ಕಷ್ಟ ಯಾಕೆ? ಕಷ್ಟ ಇರುವುದು ನಿಜ, ಅದನ್ನು ಅಭಿಮಾನಿಗಳು ಒಪ್ಪಿಕೊಳ್ಳಬೇಕು. ನಮ್ಮ ಕಥೆಗಳಲ್ಲಿ 'ಎಂದುಕೊಂಡಳು' ಎಂಬ ಮಾತು ಬರುತ್ತದೆ, ಯಾರ ಮನಸ್ಸಿನಲ್ಲಿ ಇದ್ದೇವೆ ಅಂತ ತಕ್ಷಣ ತಿಳಿಯುತ್ತದೆ. ವುಲ್ಫ್ ಆ ಮಾತನ್ನು ತಡವಾಗಿ ಹೇಳುತ್ತಾರೆ, ಕೆಲವು ಸಲ ಹೇಳುವುದೇ ಇಲ್ಲ. ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ವಾಕ್ಯದ ಮಧ್ಯದಲ್ಲೇ ದಾಟಿಬಿಡುತ್ತಾರೆ. ಮಿಸೆಸ್ ರಾಮ್ಸೆ ಕಾಲುಚೀಲ ಹೆಣೆಯುವ ಜಾಗ ನೋಡಿ. ಲೈಟ್‌ಹೌಸ್ ಕಾಯುವವನ ಮಗನಿಗೆ ಸೊಂಟದ ಕ್ಷಯ, ಅವನಿಗಾಗಿ ಹೆಣೆಯುತ್ತಿದ್ದಾಳೆ. ಅಳತೆಗೆ ಜೇಮ್ಸ್‌ನ ಕಾಲಿಗೆ ಹಿಡಿದು ನೋಡುತ್ತಾಳೆ. ಹುಡುಗ ಅಲುಗಾಡುತ್ತಾನೆ, ನೆಟ್ಟಗೆ ನಿಲ್ಲು ಎನ್ನುತ್ತಾಳೆ. ಅಷ್ಟರಲ್ಲಿ ಕಣ್ಣು ಸವೆದ ಕುರ್ಚಿಗಳ ಮೇಲೆ ಹೋಗುತ್ತದೆ, ಬಾಗಿಲೆಲ್ಲ ತೆರೆದೇ ಇವೆಯಲ್ಲ ಅನ್ನಿಸುತ್ತದೆ, ದೂರದ ಸ್ವಿಟ್ಜರ್‌ಲ್ಯಾಂಡಿನಲ್ಲಿ ಅಪ್ಪ ಸಾಯುತ್ತಿದ್ದಾನೆಂದು ಕಣ್ಣೀರು ತುಂಬಿಕೊಂಡಿದ್ದ ಕೆಲಸದ ಹುಡುಗಿ ನೆನಪಾಗುತ್ತಾಳೆ, ಮತ್ತೆ ಕಾಲುಚೀಲಕ್ಕೆ ಬಂದರೆ ಅದು ಇನ್ನೂ ಗಿಡ್ಡ. ಎರಡು ನಿಮಿಷದ ಕೆಲಸ ಇದು. ಎರಿಕ್ ಆಯರ್‌ಬಾಖ್ ಎಂಬ ವಿದ್ವಾಂಸರು ಹೋಮರ್‌ನಿಂದ ಶುರುಮಾಡಿ ಯುರೋಪಿನ ಸಾಹಿತ್ಯದ ಬಗ್ಗೆ ಬರೆದ ದೊಡ್ಡ ಪುಸ್ತಕದ ಕೊನೆಯ ಅಧ್ಯಾಯವನ್ನು ಈ ಕಾಲುಚೀಲದಿಂದಲೇ ಶುರುಮಾಡುತ್ತಾರೆ. ನನಗೆ ಅದು ಒಳಗೆ ಇಳಿದದ್ದು ಜೋರಾಗಿ ಓದಿದಾಗ. ಬಾಯಲ್ಲಿ ಓದಿದರೆ ಉಸಿರು ಎಲ್ಲಿ ತಿರುಗುತ್ತದೋ ಅಲ್ಲಿ ಯೋಚನೆಯೂ ತಿರುಗುವುದು ಗೊತ್ತಾಗುತ್ತದೆ. ಒಂದು ಸಲಕ್ಕೆ ಹತ್ತು ಪುಟ ಸಾಕು, ಜಾಸ್ತಿ ಬೇಡ.

ಈಗ ಅಭಿಮಾನಿಗಳಿಗೆ ಇಷ್ಟವಾಗದ ಮಾತು. ವುಲ್ಫ್ ಶ್ರೀಮಂತರ ಲೇಖಕಿ, ಮೇಲಿನವರ ಕಣ್ಣಿನಿಂದ ನೋಡುತ್ತಾರೆ ಎಂದು ಒಬ್ಬರು ಬರೆದಿದ್ದರು. ಅದನ್ನು ಅಸೂಯೆ ಅಂತ ತಳ್ಳಿಹಾಕಿದ್ದು ತಪ್ಪು. ಅಡುಗೆ ಕೆಲಸಕ್ಕಿದ್ದ ನೆಲ್ಲಿ ಬಾಕ್ಸಾಲ್ 1916ರಿಂದ 1934ರವರೆಗೆ, 18 ವರ್ಷ ಅವರ ಮನೆಯಲ್ಲಿ ದುಡಿದಳು. ಅವಳ ಬಗ್ಗೆ ಡೈರಿಯಲ್ಲಿ ಬರೆದ ಕೆಲವು ಮಾತು ಓದಿದಾಗ ನನಗೆ ಮುಖ ತಿರುಗಿಸುವಂತಾಯಿತು. ಯಹೂದಿಗಳ ಬಗ್ಗೆಯೂ ಅಂಥ ಮಾತುಗಳಿವೆ, ಗಂಡ ಲಿಯೊನಾರ್ಡ್ ಯಹೂದಿಯಾಗಿದ್ದರೂ. ಇನ್ನು 1929ರ 'ಎ ರೂಮ್ ಆಫ್ ಒನ್ಸ್ ಓನ್', ಹೆಂಗಸರು ಮತ್ತು ಬರವಣಿಗೆಯ ಬಗ್ಗೆ ಕಥೆಯಂತೆ ಹೇಳಿದ ಪ್ರಬಂಧ. ಬರೆಯುವ ಹೆಂಗಸಿಗೆ ವರ್ಷಕ್ಕೆ 500 ಪೌಂಡ್ ಮತ್ತು ತನ್ನದೇ ಒಂದು ಕೋಣೆ ಬೇಕು ಎಂಬ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಆ 500 ಪೌಂಡ್ ಎಲ್ಲಿಂದ ಬಂತು? ಕಥೆ ಹೇಳುವವಳ ಅತ್ತೆಯೊಬ್ಬಳು ಬಾಂಬೆಯಲ್ಲಿ ಗಾಳಿ ಸೇವನೆಗೆ ಕುದುರೆ ಮೇಲೆ ಹೋಗಿ ಬಿದ್ದು ಸತ್ತು, ಬಿಟ್ಟುಹೋದ ಆಸ್ತಿಯಿಂದ. ಆ ಹೆಂಗಸು ಬಾಂಬೆಯಲ್ಲಿ ಏನು ಮಾಡುತ್ತಿದ್ದಳು, ಆ ದುಡ್ಡು ಯಾರ ಬೆವರಿನದು ಎಂಬ ಪ್ರಶ್ನೆಯನ್ನು ಪುಸ್ತಕ ಕೇಳುವುದೇ ಇಲ್ಲ. ನಾನು ಆ ಸಾಲಿನಲ್ಲಿ ನಿಂತುಬಿಟ್ಟೆ. ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಅಷ್ಟು ನಿಚ್ಚಳವಾಗಿ ಯೋಚಿಸಿದವರಿಗೆ ಇದು ಕಾಣಲಿಲ್ಲವಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಆದರೆ ಕಾದಂಬರಿಗಳಲ್ಲಿ ಅವರು ಡೈರಿಗಿಂತ ಹೆಚ್ಚು ಕಂಡಿದ್ದಾರೆ ಅನ್ನಿಸುತ್ತದೆ. 1925ರ 'ಮಿಸೆಸ್ ಡಾಲೊವೇ'ಯ ಕ್ಲಾರಿಸಾ ಸಂಜೆಯ ಪಾರ್ಟಿಯ ಗಡಿಬಿಡಿಯಲ್ಲಿ ಇದ್ದಾಳೆ. ಕಷ್ಟದಲ್ಲಿರುವವರು ಆರ್ಮೇನಿಯದವರೋ ಆಲ್ಬೇನಿಯದವರೋ ಅವಳಿಗೆ ನೆನಪಿರಲ್ಲ, ಗುಲಾಬಿ ಹೂವಿನ ಮೇಲೇ ಪ್ರೀತಿ. ಇದನ್ನು ಓದಿ ಲೇಖಕಿಯೇ ಹೀಗೆ ಅಂತ ತೀರ್ಮಾನ ಮಾಡಿದವರಿದ್ದಾರೆ. ಆದರೆ ಅದೇ ಲಂಡನ್ನಿನಲ್ಲಿ ಅದೇ ದಿನ, ಯುದ್ಧದಿಂದ ಮನಸ್ಸು ಕೆಟ್ಟು ಬಂದ ಸೆಪ್ಟಿಮಸ್ ಡಾಕ್ಟರರ ಕೈಗೆ ಸಿಗಬಾರದೆಂದು ಕಿಟಕಿಯಿಂದ ಹಾರುತ್ತಾನೆ, ಆ ಸುದ್ದಿ ಪಾರ್ಟಿಯೊಳಗೇ ಬರುತ್ತದೆ. ಇಬ್ಬರೂ ಒಮ್ಮೆಯೂ ಭೇಟಿಯಾಗಲ್ಲ. ಈ ಸಮಾಜದ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ತೋರಿಸಿ ಟೀಕಿಸಬೇಕು ಎಂದು 1923ರ ಡೈರಿಯಲ್ಲಿ ವುಲ್ಫ್ ಈ ಪುಸ್ತಕದ ಬಗ್ಗೆ ಬರೆದುಕೊಂಡಿದ್ದರು.

ಕೆಲಸವಿಲ್ಲದ ಶ್ರೀಮಂತ ಹೆಂಗಸು ಅಂತ ಕರೆದವರಿಗೆ ಒಂದು ಮಾತು. 1917ರಲ್ಲಿ ಗಂಡ ಹೆಂಡತಿ ಒಂದು ಕೈಮುದ್ರಣ ಯಂತ್ರ ಕೊಂಡು ಮನೆಯಲ್ಲಿ ಊಟದ ಮೇಜಿನ ಮೇಲೆ ಇಟ್ಟು ಪುಸ್ತಕ ಮಾಡಲು ಶುರುಮಾಡಿದರು. ಅಚ್ಚಿನ ಮೊಳೆ ಜೋಡಿಸುತ್ತಿದ್ದದ್ದು ಹೆಚ್ಚಾಗಿ ವರ್ಜೀನಿಯಾ. ಕವಿ ಟಿ. ಎಸ್. ಎಲಿಯಟ್‌ರ 'ದಿ ವೇಸ್ಟ್ ಲ್ಯಾಂಡ್' 1923ರಲ್ಲಿ ಅವರ ಹೊಗಾರ್ತ್ ಪ್ರೆಸ್‌ನಿಂದ ಬಂದಾಗ ಅದರ ಅಕ್ಷರಗಳನ್ನೂ ಅವರೇ ಒಂದೊಂದಾಗಿ ಜೋಡಿಸಿದರು. ಇದರ ಜೊತೆಗೆ ಕಾದಂಬರಿ, ನೂರಾರು ವಿಮರ್ಶೆ, ಕಾಗದ, ಡೈರಿ. ನದಿಯಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು ಎಂಬುದನ್ನೇ ಮುಂದಿಟ್ಟು ಮೆಚ್ಚುವವರೂ ಬೈಯುವವರೂ ಮಾತಾಡುತ್ತಾರೆ, ಅದು ನನಗೆ ಹಿಡಿಸಲ್ಲ. ಕಾಯಿಲೆಯ ನಡುವೆಯೇ ಐವತ್ತೊಂಬತ್ತು ವರ್ಷ ಬದುಕಿ ಅಷ್ಟು ಕೆಲಸ ಮಾಡಿದವರ ಬಗ್ಗೆ ಕೊನೆಯ ಒಂದು ದಿನವಷ್ಟೇ ನೆನೆಯಬೇಕಾ?

ಅಭಿಮಾನಿ ಗೆಳೆಯರೇ, ವುಲ್ಫ್ ಕೂಡ ಪುಸ್ತಕ ಓದಿ ಬೇಸರಪಟ್ಟವರೇ. 1922ರಲ್ಲಿ ಕಾದಂಬರಿಕಾರ ಜೇಮ್ಸ್ ಜಾಯ್ಸ್‌ರ 'ಯುಲಿಸಿಸ್' ಇನ್ನೂರು ಪುಟ ಓದಿದಾಗ, ಮೊದಲ ಎರಡು ಮೂರು ಅಧ್ಯಾಯ ಖುಷಿ ಕೊಟ್ಟಿತು, ಆಮೇಲೆ ಗೊಂದಲ, ಬೇಸರ, ಸಿಟ್ಟು ಎಂದು ಡೈರಿಯಲ್ಲಿ ಬರೆದುಕೊಂಡರು. ಪುಸ್ತಕ ಹೇಗೆ ಓದಬೇಕು ಎಂಬ ಪ್ರಬಂಧದಲ್ಲಿ, ಯಾರ ಸಲಹೆಯನ್ನೂ ಕೇಳಬೇಡಿ ಎಂಬುದೇ ನನ್ನ ಸಲಹೆ ಎಂದರು. ಅಂಥವರ ಹೆಸರಿನಲ್ಲಿ ಬೇರೆ ಓದುಗರನ್ನು ಬೈಯುವುದು ಸರಿಯಲ್ಲ ಅಲ್ವಾ?

ಬಿಟ್ಟವರಲ್ಲೂ ಒಂದು ಕೇಳಿಕೆ. ಮುಂದಿನ ಪತ್ರದಲ್ಲಿ ಯಾವ ಪುಸ್ತಕ, ಎಲ್ಲಿ ಬಿಟ್ಟಿರಿ ಅಂತ ಬರೆಯಿರಿ. 'ದಿ ವೇವ್ಸ್'ನಿಂದ ಶುರುಮಾಡಿದ್ದರೆ ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಆರು ಜನರ ಮನಸ್ಸಿನ ಮಾತು ಬಿಟ್ಟರೆ ಅಲ್ಲಿ ಹಿಡಿದುಕೊಳ್ಳಲು ಹೆಚ್ಚೇನೂ ಇಲ್ಲ. 'ಮಿಸೆಸ್ ಡಾಲೊವೇ' ಒಂದೇ ದಿನದ ಕಥೆ, ಬಿಗ್ ಬೆನ್ ಗಂಟೆ ಹೊಡೆಯುತ್ತಾ ಹೊತ್ತು ಎಷ್ಟಾಯಿತು ಅಂತ ತಿಳಿಸುತ್ತದೆ, ಅದು ವಾಸಿ. ಇನ್ನೂ ಹಗುರಾಗಿ ಬೇಕಾದರೆ 'ಆರ್ಲಾಂಡೋ' ಹಿಡಿಯಿರಿ. ಅದರ ನಾಯಕ ಮುನ್ನೂರು ವರ್ಷಕ್ಕೂ ಹೆಚ್ಚು ಬದುಕುತ್ತಾನೆ, ನಡುವೆ ಹೆಣ್ಣಾಗುತ್ತಾನೆ, ಅಲ್ಲಿ ಏನೂ ನಡೆಯಲ್ಲ ಅಂತ ಯಾರೂ ಹೇಳಲಾರರು.

'ದಿ ವೇವ್ಸ್' ಅನ್ನು ನಾನು ಈಗ ಮೂರನೇ ಸಲ ಹಿಡಿದಿದ್ದೇನೆ. ಹಿಂದಿನ ಎರಡು ಸಲ, ಆ ಆರು ಜನರ ಗೆಳೆಯ ಪರ್ಸಿವಲ್ ಸತ್ತ ಸುದ್ದಿ ಬರುವ ಅಧ್ಯಾಯದ ಹತ್ತಿರ ನಿಂತಿತ್ತು. ಈ ಸಲ ಅದನ್ನು ದಾಟಿದ್ದೇನೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ